ಕೈ ಹಚ್ಚಬ್ಯಾಡ್ರಿ, ಇದು ಅರಿವಿ

ಮಾನಮಿ ಹಬ್ಬ ಹತ್ತಿರ ಬಂತೆಂದರೆ ನಾರಾಯಣಪುರದ ಮನೆಗಳೊಳಗಿನ ಹಾಸಿಗೆ ಹೊದಿಕೆಯೆಲ್ಲ ಹೊರಬೀಳುತ್ತವೆ. ಹೊಳೆಯ ದಂಡೆ, ಕಾಲುವೆಯ ಏರಿ, ಬಂಡೆಗಲ್ಲು, ಜಾಲಿಕಂಟಿ ಯಾವುದನ್ನೂ ಬಿಡದೆ ಕೌದಿಗಳು ಹಾಸಿಕೊಳ್ಳುತ್ತವೆ. ಮದುವೆಯಲ್ಲಿ ಬಂದ ಸೀರೆ, ಮಾವನ ಧೋತರ, ತೀರಿಹೋದ ಅಜ್ಜನ ರುಮಾಲು, ಹೇಳದೆ ಕೇಳದೆ ಮುಂಬಯಿಗೆ ಹೋದ ಅಳಿಯನ ಲುಂಗಿ, ಹೀಗೆ ಮನೆತನಗಳ ಚರಿತ್ರೆಯೆಲ್ಲ ಚೌಕ ಚೌಕವಾಗಿ ಬಿಸಿಲಿಗೆ ಬಿದ್ದಿರುತ್ತದೆ. ಪ್ರವೇಶ ಉಚಿತ. ವೇಳೆ, ಅರಿವಿ ಒಣಗುವ ತನಕ. ಉದ್ಘಾಟನೆಗೆ ಸಚಿವರು ಬರುವುದಿಲ್ಲ. ಒಂದೆರಡು ಆಡು ಬರಬಹುದು.

ಇಂಥ ಊರಿನವರು ಬೆಂಗಳೂರಿನ ಗ್ಯಾಲರಿಯೊಂದಕ್ಕೆ ಹೋಗಿ, ಕಲಾವಿದರು ವಿನ್ಯಾಸ ಮಾಡಿದ ಜವಳಿಯ ಪ್ರದರ್ಶನ ನೋಡಿದೆವು. ನಾನು ಮತ್ತು ನನ್ನ ಚಿಗವ್ವ. ಚಿಗವ್ವ ಬೆಂಗಳೂರಿಗೆ ಬಂದದ್ದು ಕಲೆಯ ದಾಹಕ್ಕಲ್ಲ. ಹುಟ್ಟಿದ್ದು ನಮ್ಮೂರ ಡ್ಯಾಮಿನ ಬುಡದಲ್ಲಾದರೂ ಅವಳನ್ನು ಕೊಟ್ಟದ್ದು ಕಾಲುವೆಯ ಕೊನೆಯ ಭಾಗದ ಊರಿಗೆ. ಅಲ್ಲಿಗೆ ನೀರಿಗಿಂತ ಮೊದಲು ನೀರಿನ ಸುದ್ದಿ ಬರುತ್ತದೆ, ಕೆಲವು ವರ್ಷ ಸುದ್ದಿಯಷ್ಟೇ ಬರುತ್ತದೆ. ಆಗ ಅರ್ಧ ಊರು ಬೆಂಗಳೂರಿಗೆ ಹೋಗಿ ಗಾರೆ ಕಲಸುತ್ತದೆ. ಅವಳ ಮಗನೂ ಕಲಸುತ್ತಿದ್ದಾನೆ. ಅವನ ತಗಡಿನ ಶೆಡ್ಡಿಗೆ ಬಾಗಿಲೆಂದು ಇಳಿಬಿಟ್ಟಿರುವುದು ಚಿಗವ್ವ ಹೊಲಿದ ಕೌದಿ.

ಗ್ಯಾಲರಿಯ ಒಳಗೆ ಮೊದಲು ತಾಗಿದ್ದು ತಂಪು, ಆಮೇಲೆ ಕತ್ತಲು. ಬಟ್ಟೆಯ ಮೇಲೆ 50 ಲಕ್ಸಿಗಿಂತ ಹೆಚ್ಚು ಬೆಳಕು ಬೀಳಬಾರದು, ಬಿದ್ದರೆ ಬಣ್ಣ ಮಾಸುತ್ತದೆ ಎಂಬುದು ಜಗತ್ತಿನ ಮ್ಯೂಸಿಯಂಗಳು ಪಾಲಿಸಿಕೊಂಡು ಬಂದ ನಿಯಮ. ಚಿಗವ್ವನಿಗೆ ಯಾರು ಹೇಳಬೇಕು?

"ಕರೆಂಟ್ ಹೋಗ್ಯಾದೇನೋ ತಮ್ಮಾ?"

"ಇಲ್ಲ ಚಿಗವ್ವ, ಬೆಳಕು ಬಿದ್ರ ಅರಿವಿ ಬಣ್ಣ ಹೋಗ್ತದ ಅಂತ ಕಡಿಮಿ ಮಾಡ್ಯಾರ."

"ಅಂದ್ರ ಕಚ್ಚಾ ಬಣ್ಣ ಅನ್ನು," ಎಂದು ಒಂದೇ ಮಾತಿನಲ್ಲಿ ಇಡೀ ಸಂಗ್ರಹದ ಮೌಲ್ಯಮಾಪನ ಮುಗಿಸಿದಳು.

ನಮ್ಮ ಕಡೆ ಅರಿವಿ ನೋಡುವುದೆಂದರೆ ಕಣ್ಣಿನ ಕೆಲಸವಲ್ಲ. ಎರಡು ಬೆರಳ ನಡುವೆ ತಿಕ್ಕಬೇಕು, ಅಂಚು ಜಗ್ಗಬೇಕು, ತಿರುವಿ ಹಿಂಬದಿ ನೋಡಬೇಕು, ಕಡೆಗೆ ರೇಟು ಕೇಳಿ ಮುಖ ಸಿಂಡರಿಸಬೇಕು. ಚಿಗವ್ವ ಮೊದಲ ಹಂತಕ್ಕೆ ಕೈ ಚಾಚಿದ್ದೇ ತಡ, ಕಾವಲಿನವನು ಓಡಿಬಂದು ಇಂಗ್ಲಿಷಿನಲ್ಲಿ ಗದರಿದ. "ಏನಂತಾನೋ ಇಂವ?" ಎಂದು ಅವಳು ನನ್ನತ್ತ ತಿರುಗಿದಳು. ಆ ಮಾತು ಕಿವಿಗೆ ಬಿದ್ದು ಅವನ ಸಮವಸ್ತ್ರವೇ ಸಡಿಲಾಯಿತು. "ಯಾವೂರ್ರೀ ಯವ್ವಾ ನಿಮ್ದು?" ಅವನದು ಕೊಡೇಕಲ್ಲು. ಬಾಯೊಳಗಿನ ಎಲಿಅಡಿಕೆ ಮುಗಿಯುವುದರೊಳಗೆ ನಮ್ಮೂರಿಂದ ಮುಟ್ಟುವ ಊರು. "ಕೈ ಹಚ್ಚಬ್ಯಾಡ್ರಿ ಯವ್ವಾ, ನನ್ನ ನೌಕರಿ ಹೋಗ್ತದ. ಬಾಜೂಕ ನಿಂತು ನೋಡ್ರಿ," ಎಂದು ಕೈಮುಗಿದ.

ಅಲ್ಲಿಗೆ ಲೆಕ್ಕ ಸರಿಹೋಯಿತು. ಇಂಥ ಕಟ್ಟಡಗಳ ಗ್ವಾಡಿಗೆ ಗಿಲಾವು ಮಾಡುವವರು ನಮ್ಮವರು, ಬಾಗಿಲು ಕಾಯುವವನು ನಮ್ಮವನು, ಒಳಗೆ ತೂಗುಬಿಟ್ಟ ಬಟ್ಟೆಯಲ್ಲಿ ಒಂದಷ್ಟು ನಮ್ಮ ಸೀಮೆಯದು. ಹೊರಗಿನಿಂದ ಬಂದದ್ದು ಒಂದೇ, ಪಕ್ಕದಲ್ಲಿ ಅಂಟಿಸಿದ ಚೀಟಿ. ಮತ್ತು ಗ್ಯಾಲರಿಯಲ್ಲಿ ಬೆಲೆಯಿರುವುದು ಅದೊಂದಕ್ಕೇ.

ಚೀಟಿ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕಲಾವಿದರು ಬಟ್ಟೆಗೆ ಕೈ ಹಾಕಿದ ಕಥೆ ಸಣ್ಣದೇನಲ್ಲ. ಫ್ರಾನ್ಸಿನ ರೌಲ್ ದೂಫಿ 1912ರಿಂದ ಲಿಯೋನಿನ ಬಿಯಾಂಕಿನಿ ಫೆರಿಯೆ ರೇಷ್ಮೆ ಕಂಪನಿಗೆ ಚಿತ್ರ ಬರೆದುಕೊಟ್ಟ. 1955ರಲ್ಲಿ ಅಮೆರಿಕದ ಫುಲ್ಲರ್ ಫ್ಯಾಬ್ರಿಕ್ಸ್ ಕಂಪನಿ ಪಿಕಾಸೊ, ಮಿರೊ, ಶಗಾಲ್, ಲೆಜೆ ಇವರ ಚಿತ್ರಗಳನ್ನು ಬಟ್ಟೆಗೆ ಅಚ್ಚೊತ್ತಿ ಗಜದ ಲೆಕ್ಕದಲ್ಲಿ ಮಾರಿತು. ಅಂಗಡಿಗೆ ಹೋಗಿ 'ಎರಡು ಗಜ ಪಿಕಾಸೊ ಹರಿದು ಕೊಡ್ರಿ' ಎನ್ನಬಹುದಾಗಿದ್ದ ಕಾಲ. 2014ರಲ್ಲಿ ಲಂಡನ್ನಿನ ಫ್ಯಾಷನ್ ಅಂಡ್ ಟೆಕ್ಸ್‌ಟೈಲ್ ಮ್ಯೂಸಿಯಂ ಪಿಕಾಸೊನಿಂದ ವಾರ್ಹೋಲ್‌ವರೆಗಿನ ಇಂಥ ಬಟ್ಟೆಗಳದ್ದೇ ಪ್ರದರ್ಶನ ಇಟ್ಟಿತು. ಗಜಕಡ್ಡಿಯಿಂದ ಅಳೆದದ್ದು ಗಾಜಿನೊಳಗೆ ಹೋಗಿ ಕೂತಿತು. 1960ರ ದಶಕದಲ್ಲಿ ಮನೆಬಳಕೆಯ ಬಟ್ಟೆಗೆ ಚಿತ್ರ ಕೊಡುವಾಗ ಪಿಕಾಸೊ ಒಂದು ಷರತ್ತು ಹಾಕಿದ್ದನಂತೆ: ಪರದೆ ಮಾಡಿಕೊಳ್ಳಿ, ಸೋಫಾದ ಮೇಲೆ ಮಾತ್ರ ಹಾಕಬೇಡಿ. ನನ್ನ ಕಲೆಗೆ ಒರಗಬಹುದು, ಅದರ ಮೇಲೆ ಕೂರಬಾರದು.

ಇದನ್ನು ಚಿಗವ್ವನಿಗೆ ಹೇಳಿದೆ. ಅವಳಿಗೆ ಆ ಮನುಷ್ಯನ ಮೇಲೆ ಕನಿಕರ ಬಂತು. "ಕೂತ್ರ ಹರೀತದೇನ? ಇಂಥಾ ಅರಿವಿ ಯಾಕ ಮಾಡ್ಬೇಕು! ನನ್ನ ಕೌದ್ಯಾಗ ಮಕ್ಕಳು, ಮೊಮ್ಮಕ್ಕಳು ಉಚ್ಚಿ ಹೊಯ್ದು ದೊಡ್ಡಾವಾಗ್ಯಾವ. ಕೌದಿ ಇನ್ನೂ ಗಟ್ಟಿ ಅದ."

ನಮ್ಮ ದೇಶದಲ್ಲಿ ಕಲಾವಿದರನ್ನು ಬಟ್ಟೆಯ ಕೆಲಸಕ್ಕೆ ಹಚ್ಚಿದ್ದು ಸರ್ಕಾರ. 1950ರ ದಶಕದಲ್ಲಿ ಪುಪುಲ್ ಜಯಕರ್ ಅವರ ಮುತುವರ್ಜಿಯಿಂದ ನೇಕಾರರ ಸೇವಾ ಕೇಂದ್ರಗಳು ಹುಟ್ಟಿದವು. ಕೆ.ಜಿ. ಸುಬ್ರಮಣ್ಯನ್ 1959ರಲ್ಲಿ ಮುಂಬಯಿ ಕೇಂದ್ರ ಸೇರಿದರು. ಪ್ರಭಾಕರ ಬರ್ವೆ, ಜೋಗೆನ್ ಚೌಧರಿ, ಅರ್ಪಿತಾ ಸಿಂಗ್ ಇವರೆಲ್ಲ ಬೇರೆ ಬೇರೆ ಕೇಂದ್ರಗಳಲ್ಲಿ ಪಗಾರಕ್ಕೆ ದುಡಿದವರು. ಚಿತ್ರ ಕೊಳ್ಳುವವರು ಸಿಗದ ಕಾಲಕ್ಕೆ ಅವರ ಒಲೆ ಉರಿದದ್ದು ಮಗ್ಗದ ದೆಸೆಯಿಂದ. ಅವರು ನೇಕಾರರಿಂದ ಕಲಿತರು, ನೇಕಾರರಿಗೂ ಕಲಿಸಿದರು, ಒಳ್ಳೆಯ ಬಟ್ಟೆ ಬಂತು. ಇದರಲ್ಲಿ ನಗುವಂಥದ್ದೇನೂ ಇಲ್ಲ. ನಗು ಬರುವುದು ಚೀಟಿಗೆ ಬಂದಾಗ. ಅದರ ಮೇಲೆ ವಿನ್ಯಾಸಕಾರನ ಹೆಸರಿತ್ತು, ಸಂಗ್ರಹಕಾರರ ಹೆಸರಿತ್ತು, ದಾನ ಕೊಟ್ಟವರ, ಪ್ರಾಯೋಜಿಸಿದವರ ಹೆಸರಿತ್ತು, 'ಕೈಮಗ್ಗ' ಎಂದೂ ಬರೆದಿತ್ತು. ಕೈ ಯಾರದು ಎಂದು ಬರೆಯಲು ಜಾಗ ಸಾಲದೆ ಹೋಯಿತು. ಸೇವಾ ಕೇಂದ್ರದಲ್ಲಿ ಯಾರು ಯಾರ ಸೇವೆ ಮಾಡಿದರೋ ಆ ಬಸವಣ್ಣನೇ ಬಲ್ಲ.

ಇನ್ನೊಂದು ಮೂಲೆಯಲ್ಲಿ ಇಳಕಲ್ ಸೀರೆ. ಇಳಕಲ್ಲು ನಮಗೆ ದೂರವಲ್ಲ, ಹೊಳೆ ದಾಟಿ ಲಿಂಗಸುಗೂರು, ಮುದಗಲ್ಲು ಹಿಡಿದು ಹೋದರೆ ಬಂತು. ಚಿಗವ್ವ ಉಟ್ಟದ್ದೂ ಅದೇ, ಗೋಮಿ ದಡಿಯ ದಾಳಿಂಬ್ರಿ ಸೀರೆ. ಗಾಜಿನೊಳಗಿನ ಸೀರೆ ಒಮ್ಮೆ, ಇವಳ ಸೀರೆ ಒಮ್ಮೆ ನೋಡಿದ ಕಾಲೇಜು ಹುಡುಗಿಯರಿಬ್ಬರು ಫೋಟೋ ಕೇಳಿದರು. ಇಳಕಲ್ಲಿನವರು ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕುತ್ತಾರೆ. ಒಡಲು ಹತ್ತಿ, ಸೆರಗು ಕೆಂಪು ರೇಷ್ಮೆ, ಅದರ ಮೇಲೆ ಬಿಳಿಯ ತೋಪು ತೆನಿ. ಸಾವಿರಾರು ಎಳೆ ಜೋಡಿಸಿದ ಈ ಲೆಕ್ಕಾಚಾರದ ಎದುರು ವಿನ್ಯಾಸಕಾರನ ಹೆಸರಿನ ಜಾಗದಲ್ಲಿ ಬರೆದದ್ದು, 'ಸಾಂಪ್ರದಾಯಿಕ'.

ಈ ಸಂಪ್ರದಾಯ ಎಂಬ ಆಸಾಮಿ ಯಾರೋ ನೋಡಬೇಕೆಂದು ನನಗೆ ಬಹಳ ಆಸೆ. ಕಸೂತಿ ಹಾಕಿದವನು ಅವನೇ, ಗುಳೇದಗುಡ್ಡದ ಖಣ ನೇಯ್ದವನು ಅವನೇ, ಲಂಬಾಣಿಗರ ಕನ್ನಡಿ ಕೆಲಸವೂ ಅವನದೇ. ಇಷ್ಟೊಂದು ಕೆಲಸ ಮಾಡುವವನಿಗೆ ಪಗಾರವಿಲ್ಲ, ಪಿಂಚಣಿಯಿಲ್ಲ, ಆಧಾರ್ ಕಾರ್ಡಿಲ್ಲ. ಪ್ರಶಸ್ತಿಗೆ ಅರ್ಜಿ ಹಾಕುವುದಿಲ್ಲ, ಉದ್ಘಾಟನೆಗೆ ಕರೆಯಬೇಕಿಲ್ಲ, ಕರೆದರೆ ಟಿಎ ಡಿಎ ಕೇಳುವುದಿಲ್ಲ. ಇಂಥ ಕೆಲಸಗಾರ ಸಿಕ್ಕರೆ ಯಾವ ಮಾಲೀಕ ಬಿಟ್ಟಾನು? ಇಳಕಲ್ ಸೀರೆಗೆ, ಕಸೂತಿಗೆ, ಸಂಡೂರಿನ ಲಂಬಾಣಿ ಕಸೂತಿಗೆ ಸರ್ಕಾರ ಭೌಗೋಳಿಕ ಗುರುತು ಕೊಟ್ಟಿದೆ. ಅಂದರೆ ಊರಿಗೆ ಹೆಸರು ಬಂತು. ಊರಿನೊಳಗಿನವರು ತಮ್ಮ ಸರದಿಗೆ ಕಾಯಬೇಕು.

ಕಸೂತಿಯ ಮುಂದೆ ಚಿಗವ್ವ ಹಟ ಹಿಡಿದಳು. "ಇದರ ಹಿಂಬದಿ ತೋರ್ಸು ಅನ್ನು ಅವರಿಗೆ." ಗವಂತಿ, ಮುರಗಿ ಹೊಲಿಗೆಯೆಂದರೆ ಮುಂದೂ ಹಿಂದೂ ಒಂದೇ ಥರ ಕಾಣಬೇಕು, ಎಲ್ಲಿಯೂ ಗಂಟು ಇರಬಾರದು. ಹಾಕಿದವಳ ಹದ ತಿಳಿಯುವುದೇ ತಿರುವಿ ನೋಡಿದಾಗ. ಕೊಡೇಕಲ್ಲಿನವನು ತಲೆ ಅಲ್ಲಾಡಿಸಿದ, ಹಿಂಬದಿಯನ್ನು ಗೋಡೆಗೆ ಹಚ್ಚಿಬಿಟ್ಟಿದ್ದಾರೆ. "ಹಿಂಬದಿ ಮುಚ್ಚಿಟ್ಟ ಅರಿವಿ ನಾ ತಗೊಳ್ಳಂಗಿಲ್ಲ ನೋಡು," ಎಂದಳು. ಮಾರುತ್ತಿಲ್ಲ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಇಷ್ಟು ದೀಪ, ಇಷ್ಟು ಆಳು, ಇಷ್ಟು ದೊಡ್ಡ ಅಂಗಡಿ ಇಟ್ಟುಕೊಂಡು ಮಾರದೆ ಯಾರಿರುತ್ತಾರೆ?

ಅವಳ ಅನುಮಾನಕ್ಕೆ ಚರಿತ್ರೆಯ ಬೆಂಬಲವಿದೆ. 1866ರಲ್ಲಿ ಲಂಡನ್ನಿನಲ್ಲಿ ಜಾನ್ ಫೋರ್ಬ್ಸ್ ವಾಟ್ಸನ್ ಎಂಬ ಸಾಹೇಬ ಭಾರತದ ಜವಳಿಯದೊಂದು ಸಂಗ್ರಹ ಹೊರತಂದ. ಸೀರೆ, ಧೋತರ, ರುಮಾಲುಗಳಿಗೆ ಕತ್ತರಿ ಹಾಕಿ, 700 ಮಾದರಿ ತುಂಡುಗಳನ್ನು 18 ಸಂಪುಟಗಳಲ್ಲಿ ಅಂಟಿಸಿ, ಅಂಥ 20 ಸೆಟ್ಟು ಮಾಡಿದ. 13 ಸೆಟ್ಟು ಬ್ರಿಟನ್ನಿಗೆ, 7 ಭಾರತಕ್ಕೆ. ಒಂದೊಂದು ಸೆಟ್ಟೂ ಒಂದೊಂದು ಮ್ಯೂಸಿಯಂ ಎಂಬುದು ಅವನ ವಾದ. ಇಂಗ್ಲೆಂಡಿನ ಗಿರಣಿಯವರು ಈ ತುಂಡುಗಳನ್ನು ನೋಡಿ ಅಂಥದ್ದೇ ನೇಯ್ದು ನಮಗೇ ಮಾರಲಿ ಎಂಬುದು ಉದ್ದೇಶ. ಅದನ್ನು ಆತ ಬಚ್ಚಿಡಲೂ ಇಲ್ಲ, ನೇರ ಮನುಷ್ಯ. ತುಂಡು ಎಲ್ಲಿಯದು, ಎಷ್ಟು ಉದ್ದ, ಎಷ್ಟು ಅಗಲ ಎಂದು ಚೀಟಿ ಬರೆದ. ನೇಯ್ದವನ ಹೆಸರು ಗಿರಣಿಗೆ ಯಾತಕ್ಕೆ ಬೇಕು? ಇದೇ ವಾಟ್ಸನ್ ಜಾನ್ ಕೇ ಜೊತೆ ಸೇರಿ 1868ರಿಂದ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಫೋಟೋ ಸಂಪುಟಗಳನ್ನೂ ತಂದ. ಈ ಸಲ ಬಟ್ಟೆಯ ಬದಲು ಜನರಿಗೇ ಚೀಟಿ. ಆ ಸಂಪುಟಗಳಿಗೆ ಬರಹ ಒದಗಿಸಿದವರಲ್ಲಿ ಒಬ್ಬ, ನಮ್ಮ ಸೀಮೆಯ ಸುರಪುರದಲ್ಲಿ ಬಂಗಲೆ ಕಟ್ಟಿಕೊಂಡಿದ್ದ ನಮ್ಮ ಮೆಡೋಸ್ ಟೇಲರ್ ಸಾಹೇಬ. ಚೀಟಿ ಬರೆಯುವ ವಿದ್ಯೆಗೆ ಸುರಪುರ ಸೀಮೆಯ ಕಾಣಿಕೆ ಏನೆಂದು ಇನ್ನು ಯಾರೂ ಕೇಳುವಂತಿಲ್ಲ.

ಆಮೇಲೆ ಮ್ಯಾಂಚೆಸ್ಟರಿನ ಬಟ್ಟೆ ಬಂತು, ಪ್ರತಿ ಥಾನಿನ ಮೇಲೂ ಲಕ್ಷ್ಮಿ, ಕೃಷ್ಣರ ಬಣ್ಣಬಣ್ಣದ ಚೀಟಿ ಅಂಟಿಸಿಕೊಂಡು. 2025ರಲ್ಲಿ ಬೆಂಗಳೂರಿನ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ 'ಟಿಕೆಟ್ ಟೀಕಾ ಛಾಪ್' ಎಂದು ಆ ಚೀಟಿಗಳದ್ದೇ ಪ್ರದರ್ಶನ ಮಾಡಿತು. ಚೆಂದದ ಚೀಟಿಗಳು, ಸುಳ್ಳೇಕೆ ಹೇಳಲಿ. ಬಟ್ಟೆ ಉಟ್ಟು ಹರಿದು ಮಣ್ಣಾಗಿ ನೂರು ವರ್ಷ ಆಯಿತು. ಚೀಟಿ ಮಾತ್ರ ಚೌಕಟ್ಟಿನೊಳಗೆ ಮೈಕೈ ತುಂಬಿಕೊಂಡು ನಗುತ್ತಿದೆ.

ಹೊಲಿದವರ ಹೆಸರು ಎಲ್ಲಿಯೂ ಬರುವುದಿಲ್ಲವೆಂದರೆ ತಪ್ಪಾದೀತು. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಗಳು ನ್ಯೂಯಾರ್ಕಿನವರೆಗೆ ಹೋಗಿವೆ. ಅವರು ಅಂಚಿನಿಂದ ಶುರುಮಾಡಿ ನಡುವಿನ ಕಡೆಗೆ ಹೊಲಿಯುತ್ತಾರೆ, ಮೂಲೆಗಳಿಗೆ ಮಡಚಿದ ಬಟ್ಟೆಯ 'ಫುಲಾ' ಹಚ್ಚುತ್ತಾರೆ. ಫುಲಾ ಇಲ್ಲದ ಕೌದಿ ಅವರ ಲೆಕ್ಕದಲ್ಲಿ ಬೆತ್ತಲೆ. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಪ್ರಾಧ್ಯಾಪಕರು ಬಂದು ನೋಡಿ ಹೇಳಿದ ಮೇಲೆ ನಮಗೆ ಇದು ಕಲೆಯೆಂದು ಗೊತ್ತಾಯಿತು. ನಾರಾಯಣಪುರಕ್ಕೆ ಇನ್ನೂ ಯಾವ ಪ್ರಾಧ್ಯಾಪಕರೂ ಬಂದಿಲ್ಲವಾಗಿ ನಮ್ಮದು ಸದ್ಯಕ್ಕೆ ಹಾಸಿಗೆಯೇ.

ಬರುವ ತನಕ ಕಾಯುವುದೇಕೆ ಎಂದು ನಾನೇ ಒಂದು ಯೋಜನೆ ಹಾಕಿದೆ: ನಾರಾಯಣಪುರ ಅಂತರರಾಷ್ಟ್ರೀಯ ಕೌದಿ ಮೇಳ. ಸ್ಥಳ, 1982ರಲ್ಲಿ ಮುಗಿದ ಬಸವಸಾಗರ ಅಣೆಕಟ್ಟೆ. ಉದ್ದ ಸುಮಾರು ಹತ್ತೂವರೆ ಕಿಲೋಮೀಟರ್, ಇಂಥ ಗ್ಯಾಲರಿ ಪ್ಯಾರಿಸ್ಸಿನಲ್ಲೂ ಇಲ್ಲ. ಬೆಳಕು ಮಧ್ಯಾಹ್ನಕ್ಕೆ ಲಕ್ಷ ಲಕ್ಸ್. ತಡೆಯದ ಬಣ್ಣಕ್ಕೆ ಪ್ರವೇಶವಿಲ್ಲ. ಮುಟ್ಟದವರಿಗೆ ದಂಡ. ಹಿಂಬದಿ ಕಡ್ಡಾಯವಾಗಿ ಮೇಲೆ. ದೊಡ್ಡ ಕಲಾವಿದರ ಬಟ್ಟೆಗಳಿಗೂ ಅವಕಾಶವುಂಟು, ಆದರೆ ಪಿಕಾಸೊ ಷರತ್ತು ನಡೆಯುವುದಿಲ್ಲ. ಎತ್ತಿನ ಬಂಡಿಯಲ್ಲಿ ಹಾಸಿ ಹುಣಸಗಿ ಸಂತೆಗೆ ಹೋಗಿಬಂದು, ಬಾಣಂತಿಯ ಕೋಣೆಯಲ್ಲಿ ಒಂದು ತಿಂಗಳು ಕಳೆದು, ಹೊಳೆಯ ಬಂಡೆಗೆ ಬಡಿಸಿಕೊಂಡು ಉಳಿದರೆ ಪ್ರದರ್ಶನಕ್ಕೆ ಅರ್ಹ.

ಮಾದರಿ ಚೀಟಿಯನ್ನೂ ಬರೆದೆ. 'ವಿನ್ಯಾಸ ಮತ್ತು ಹೊಲಿಗೆ: ಚಿಗವ್ವ. ಮಾಧ್ಯಮ: ಅತ್ತೆಯ ಸೀರೆ, ಮಾವನ ಧೋತರ, ನಡುವಿನ ಪದರಿಗೆ ಯೂರಿಯಾ ಚೀಲ. ಪ್ರಾಯೋಜಕರು: ರಸಗೊಬ್ಬರ ಕಂಪನಿ. ಮೇಲೆ ಮಲಗಿದವರು: ಹನ್ನೊಂದು ಮಂದಿ.' ಓದಿ ಹೇಳಿದರೆ ಚಿಗವ್ವ ಗಾಬರಿಯಾದಳು.

"ನನ್ನ ಹೆಸರು ಬರೀಬ್ಯಾಡೋ ತಮ್ಮಾ. ದೊಡ್ಡ ಕಲಾವಿದಿ ಆಗ್ಯಾಳ ಅಂತ ಯಾರರ ಅರ್ಜಿ ಬರದ್ರ ನನ್ನ ರೇಶನ್ ಕಾರ್ಡ್ ರದ್ದ ಮಾಡ್ತಾರ. ಸಂಪ್ರದಾಯ ಅಂತ ಅವನ್ಯಾವನೋ ಇದ್ದನಲ್ಲ, ಅವನ ಹೆಸರೇ ಹಾಕು."

ಆದರೆ ಉದ್ಘಾಟನೆಯ ವಿಷಯ ಕೇಳಿ ಅವಳ ಕಣ್ಣು ಅರಳಿತು. ಶಾಸಕರು, ಮಾಜಿ ಶಾಸಕರು, ಅಕಾಡೆಮಿಯವರು, ಮಠದವರು, ಪತ್ರಕರ್ತರು, ಎಲ್ಲರಿಗೂ ಸನ್ಮಾನ ಇದ್ದೇ ಇರುತ್ತದೆ.

"ಎಲ್ಲಾರಿಗೂ ಶಾಲು ಹೊಚ್ಚಸ್ತೀರೇನು?"

"ಹೊಚ್ಚಸದಿದ್ರ ಯಾರ ಬರ್ತಾರ ಚಿಗವ್ವ?"

"ಹಂಗಾದ್ರ ಹೋಗ್ವಾಗ ವೇದಿಕಿ ಮ್ಯಾಲೇ ಬಿಟ್ಟು ಹೋಗ್ರಿ ಅನ್ನು. ಆ ಶಾಲು ಚಳಿಗೂ ಬರಂಗಿಲ್ಲ, ಬಿಸಲಿಗೂ ಬರಂಗಿಲ್ಲ. ಯೂರಿಯಾ ಚೀಲದ ಬದಲಿ ನಡಬರಕ ಹಾಕಿ ಹೊಲೀತೀನಿ."