ಮುಖ್ಯ ಅತಿಥಿಗಳು ಬಂದ ಮೇಲೆಯೇ ಹಕ್ಕಿಗಳು ಹಾರತಕ್ಕದ್ದು

ಹೆಸರಘಟ್ಟದಲ್ಲಿ ‘ಬೇಸಿಗೆಯ ವನ್ಯಜೀವಿ ನಡಿಗೆ’ ಏರ್ಪಡಿಸಿದ ಮಾನ್ಯರೇ,

ನಿಮ್ಮ ಆಮಂತ್ರಣ ಪತ್ರಿಕೆಯಲ್ಲಿ ‘ಬೆಳಿಗ್ಗೆ ಆರಕ್ಕೆ ಸರಿಯಾಗಿ’ ಎಂದಿತ್ತು. ಅದನ್ನು ನಂಬಿದ ಪೆದ್ದರೆಲ್ಲ ಕತ್ತಲಲ್ಲೇ ಬಂದು, ಕೆರೆಯಂಚಿನ ಜೌಗಿನಲ್ಲಿ ಪ್ಯಾಂಟು ಒದ್ದೆ ಮಾಡಿಕೊಂಡು ನಿಂತೆವು. ಮುಖ್ಯ ಅತಿಥಿಗಳು ದಯಮಾಡಿಸಿದ್ದು ಒಂಬತ್ತೂವರೆಗೆ. ಅಲ್ಲಿಯವರೆಗೆ ಯಾರೂ ಮುಂದೆ ಹೋಗಕೂಡದು, ಉದ್ಘಾಟನೆ ಆಗಿಲ್ಲ ಎಂದು ಮೈಕಿನಲ್ಲಿ ಕೂಗುತ್ತಲೇ ಇದ್ದಿರಿ. ನ್ಯಾಯವೇ. ಉದ್ಘಾಟನೆಯಾಗದ ಹುಲ್ಲನ್ನು ತುಳಿಯುವುದುಂಟೇ?

ನೆಲಗುಬ್ಬಿಗಳಿಗೆ ಮಾತ್ರ ಯಾರೂ ಹೇಳಿರಲಿಲ್ಲವೇನೋ. ಹೊತ್ತು ಮೂಡುವಾಗಲೇ ಮೇಲೇರಿ ಹಾಡಿ ಮುಗಿಸಿ, ಬಿಸಿಲು ಬಲಿಯುವಷ್ಟರಲ್ಲಿ ಹುಲ್ಲಿನೊಳಗೆ ಮಾಯವಾದವು. ಪ್ರೋಟೋಕಾಲ್ ತಿಳಿಯದ ಜಾತಿ. ಹ್ಯಾರಿಯರ್ ಗಿಡುಗಗಳ ಕತೆಯೂ ಅದೇ. ಮಧ್ಯ ಏಷ್ಯಾದ ಕಡೆಯಿಂದ ಬಂದು, ಚಳಿಗಾಲವೆಲ್ಲ ರಾತ್ರಿ ಇಲ್ಲಿನ ಹುಲ್ಲಿನ ನಡುವೆ ನೆಲದ ಮೇಲೆಯೇ ಮಲಗುವ ಈ ಮುಖ್ಯ ಅತಿಥಿಗಳಿಗೆ ಬೆಂಗಾವಲು ವಾಹನವಿಲ್ಲ, ಮೈಸೂರು ಪೇಟವಿಲ್ಲ. ಬೇಸಿಗೆ ಶುರುವಾಗುತ್ತಿದ್ದಂತೆ ಊರಿಗೆ ಹೊರಡುತ್ತವೆ. ಇನ್ನೂ ಹೊರಡದೆ ಉಳಿದಿದ್ದ ಒಂದು, ಆರೂವರೆ ಹೊತ್ತಿಗೆ ನಿಮ್ಮ ಶಾಮಿಯಾನದ ಪಕ್ಕದಲ್ಲೇ ಹಾದುಹೋಯಿತು. ನೀವು ‘ಹಲೋ, ಹಲೋ, ಮೈಕ್ ಟೆಸ್ಟಿಂಗ್’ ಎನ್ನುತ್ತಿದ್ದಿರಿ.

ಇಷ್ಟನ್ನೂ ನುಂಗಿಕೊಳ್ಳುತ್ತಿದ್ದೆ. ಕಾಯುವುದು ನಮಗೇನು ಹೊಸದೇ? ಆದರೆ ಮುಖ್ಯ ಅತಿಥಿಗಳ ಕೈಯಿಂದ ನೀವು ನೆಡಿಸಿದ ಆ ಹೊಂಗೆ ಸಸಿಗಳು ಗಂಟಲಲ್ಲೇ ನಿಂತಿವೆ.

ಮುಖ್ಯ ಅತಿಥಿಗಳು ಸುತ್ತ ಕಣ್ಣಾಡಿಸಿ, ‘ಈ ಪಾಳುಭೂಮಿಯನ್ನು ಹಸಿರಾಗಿಸೋಣ’ ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ಪಾಳಂತೆ! ಬೆಂಗಳೂರಿಗೆ ಕುಡಿಯುವ ನೀರಿಗೆಂದು 1894ರಲ್ಲಿ ಅರ್ಕಾವತಿಗೆ ಕಟ್ಟಿದ ಕೆರೆ, ಅದರ ಮಗ್ಗುಲಿನ ಹುಲ್ಲುಗಾವಲು. ಇದಕ್ಕೆ ರಕ್ಷಣೆ ಬೇಡವೆಂದು 2021ರಲ್ಲಿ ಹೇಳಿದ್ದ ರಾಜ್ಯ ವನ್ಯಜೀವಿ ಮಂಡಳಿಯೇ 2024ರಲ್ಲಿ ಮನಸ್ಸು ಬದಲಿಸಿ, 5,000 ಎಕರೆಗೂ ಮಿಕ್ಕ ಜಾಗವನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. ಒಪ್ಪಿದ್ದು ಹುಲ್ಲಿಗಾಗಿ ಸ್ವಾಮೀ, ಹುಲ್ಲಿಗಾಗಿ! ಇಲ್ಲಿ ಮರ ಬೆಳೆಸಿದರೆ ಕಾಗೆಗೂ ಗಿಡುಗಕ್ಕೂ ಕೂತು ನೋಡಲು ಕೊಂಬೆ ಸಿಗುತ್ತದೆ, ಕೆಳಗೆ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಯ ಸಂಸಾರ ಬಯಲಾಗುತ್ತದೆ. ನೆರಳು ಬಿದ್ದಲ್ಲಿ ಹುಲ್ಲೂ ಸೊರಗುತ್ತದೆ. ಮೂರೂವರೆ ಗಂಟೆ ಕೈಕಟ್ಟಿ ಕೂತವರಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು.

ಗುಂಡಿ ಎಲ್ಲಿ ತೋಡಿಸಿದ್ದಿರಿ ಗೊತ್ತೇ? ಅಲ್ಲಿಂದ ಎರಡು ಮಾರು ದೂರದಲ್ಲಿ ಟಿಟ್ಟಿಭದ ಗೂಡಿತ್ತು. ಗೂಡೆಂದರೆ ಬರೀ ನೆಲದ ಮೇಲೊಂದು ತಗ್ಗು, ಸುತ್ತ ನಾಲ್ಕು ಬೆಣಚುಕಲ್ಲು. ಒಳಗೆ ಮಣ್ಣಿನ ಬಣ್ಣಕ್ಕೆ ಕಪ್ಪು ಮಚ್ಚೆಯ ನಾಲ್ಕು ಮೊಟ್ಟೆ, ಚೂಪು ತುದಿಗಳೆಲ್ಲ ನಡುವಿಗೆ ತಿರುಗಿದ್ದವು. ನಿಮ್ಮ ಫೋಟೋದವರು ‘ಸರ್, ಇನ್ನೊಂದು ಹೆಜ್ಜೆ ಹಿಂದೆ’ ಎನ್ನುತ್ತಿದ್ದಾರೆ, ಮುಖ್ಯ ಅತಿಥಿಗಳು ಗುದ್ದಲಿ ಹಿಡಿದು ಹಿಂದೆ ಸರಿಯುತ್ತಿದ್ದಾರೆ. ತಲೆಯ ಮೇಲೆ ಗಂಡು ಹೆಣ್ಣು ಎರಡೂ ಎರಗಿ ಎರಗಿ ಚೀರುತ್ತಿವೆ. ಆಗ ಮೈಕಿನಲ್ಲಿ ನೀವಾಡಿದ ಮಾತು: ‘ನೋಡಿ, ಹಕ್ಕಿಗಳೂ ಸ್ವಾಗತ ಕೋರುತ್ತಿವೆ!’ ಕುರಿ ಕಾಯುತ್ತಿದ್ದ ತಾತ ಓಡಿಬಂದು ಕೋಲು ಅಡ್ಡ ಹಿಡಿಯದಿದ್ದರೆ ಆ ಸ್ವಾಗತ ಬೂಟಿನಡಿಗೆ ಹೋಗುತ್ತಿತ್ತು. ತಾತನನ್ನು ‘ಏಯ್, ಆಚೆ ಹೋಗಯ್ಯ’ ಎಂದು ಗದರಿದವರೂ ನಿಮ್ಮವರೇ. ನಾಚಿಕೆಯಾಗಬೇಕು.

ನಡಿಗೆ? ಶಾಮಿಯಾನದಿಂದ ಉಪ್ಪಿಟ್ಟಿನ ಟೇಬಲ್ಲಿನವರೆಗೆ ಆಯಿತು. ಉಪ್ಪಿಟ್ಟು ಆರಿತ್ತು, ಅದೂ ಮುಖ್ಯ ಅತಿಥಿಗಳಿಗಾಗಿ ಕಾದಿತ್ತಲ್ಲ.

ಒಂದೇ ಕೋರಿಕೆ. ಬೇರು ಬಿಡುವ ಮೊದಲೇ ಆ ಸಸಿಗಳನ್ನು ಕಿತ್ತು ನಿಮ್ಮ ಕಚೇರಿಯ ಮುಂದೆ ನೆಟ್ಟುಕೊಳ್ಳಿ. ಹೆಸರು ಬರೆಸಿದ ಫಲಕಗಳನ್ನೂ ಒಯ್ಯಿರಿ. ಗುಂಡಿ ಮುಚ್ಚಲು ಇನ್ನೊಂದು ಸಮಾರಂಭ ಬೇಡ. ತಾತನಿಗೆ ದಿನದ ಕೂಲಿ ಕೊಟ್ಟರೆ ಅವರೇ ಮುಚ್ಚುತ್ತಾರೆ, ಎಲ್ಲಿ ಕಾಲಿಡಬಾರದೆಂದು ಅವರಿಗೆ ಗೊತ್ತು.

ಇಂತಿ,
ಕೊನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯವನು