ಯಾವಾಗರ ಒಮ್ಮೆ ಎಳಿಯಾಕ ಬೇಕಾಕತಿ!

ಮುಚ್ಚಿಡಬ್ಯಾಡ್ರಿ, ನಮಗ ಗೊತ್ತೈತಿ. ರಾತ್ರಿ ಊಟ ಆದಮ್ಯಾಗ ಮೊಬೈಲ್‌ನ್ಯಾಗ ಹಳೇ ಬೊಲೆರೊ ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡಾಕತ್ತೀರಿ. ಮನ್ಯಾಗ ಕೇಳಿದ್ರ ‘ಸುಮ್ನ ನೋಡ್ದೆ’ ಅಂತೀರಿ. (ಸುಮ್ನ ನೋಡಾವ್ರು ಟೈರ್ ಸವೆದಿದ್ದು ನೋಡ್ತಾರೇನ್ರಿ?) ಹೊಲಕ್ಕ ಬೈಕ್ ಐತಿ, ಹೊಸಪೇಟಿಗೆ ಬಸ್ ಐತಿ. ಆದ್ರೂ ನಿಮಗ ಒಂದು ಡೀಸೆಲ್ ಗಾಡಿ ಬೇಕು, ಹಿಂದ ಉದ್ದಕ ಜಾಗ ಇರಬೇಕು, ಅದರ ಹಿಂದೊಂದು ಹುಕ್ ಇರಬೇಕು. ಯಾಕ್ರೀ ಅಂದ್ರ, ‘ಯಾವಾಗರ ಒಮ್ಮೆ ಎಳಿಯಾಕ ಬೇಕಾಕತಿ.’

ಏನು ಎಳೀತೀರಿ, ಹೇಳ್ರಿ ನೋಡಾಣ. ದಾಳಿಂಬ್ರಿಗೆ ಎಣ್ಣಿ ಹೊಡಿಯೋ ಟ್ಯಾಂಕು, ಅದೂ ತಮ್ಮನ ತೋಟದ್ದು. ಕೊಟ್ಟೂರು ತೇರಿಗೆ ದಾವಣಗೆರೆ ಕಡೆಯಿಂದ ನಡಕೊಂಡು ಬರೋ ಭಕ್ತರಿಗೆ ಒಂದು ನೀರಿನ ಟ್ಯಾಂಕರ್, ಅದು ವರ್ಷಕ್ಕೊಮ್ಮೆ. ಆಮ್ಯಾಗ? ತಲಿ ಕೆರಕೊಬ್ಯಾಡ್ರಿ, ಆಮ್ಯಾಗ ಏನೂ ಇಲ್ಲ. ಇಷ್ಟಕ್ಕ ಪಕ್ಕದ ಮನಿ ಟ್ರ್ಯಾಕ್ಟರ್ ಕೇಳಿದ್ರ ಡೀಸೆಲ್ ಹಾಕ್ಸಿ ಒಂದು ಊಟ ಕೊಟ್ರ ಮುಗೀತು. ಆದ್ರ ಅವ್ರನ್ನ ಕೇಳೋದು ಹೆಂಗ? ಹೋದ ವರ್ಷ ಬದುವಿನ ಜಗಳದಾಗ ಮಾತು ಬಿಟ್ಟೀರಲ್ಲ! (ಒಂದು ಲೋಟ ಚಾದಾಗ ಮುಗಿಯೋ ಜಗಳಕ್ಕ ಮೂರು ಲಕ್ಷದ ಗಾಡಿ. ಇರಲಿ, ರೊಕ್ಕ ನಿಮ್ಮದು.)

ಹೊರದೇಶದಾಗ ಸಾಮಾನು ಹೇರೋ ಕೆಲಸಕ್ಕಂತನ ಎಸ್ಟೇಟ್ ಕಾರು ಅಂತ ಒಂದು ಜಾತಿ ಐತಿ. ಕಾರಿನಂಗ ತಗ್ಗು, ಹಿಂದ ಡಿಕ್ಕಿ ಬದಲು ಟಾಪಿನ ತನಕ ಸಾಮಾನಿನ ಜಾಗ. ನಮ್ಮಲ್ಲೂ ಟಾಟಾದವ್ರು 1992ರಾಗ ಟಾಟಾ ಎಸ್ಟೇಟ್ ಅಂತ ಹೆಸರಿಟ್ಟೇ ಬಿಟ್ಟಿದ್ರು, 2004ರಾಗ ಇಂಡಿಗೊ ಮರೀನಾ ತಂದ್ರು. ಡೀಸೆಲ್ ಎಂಜಿನ್ ಇತ್ತು, ಜಾಗ ಇತ್ತು, ಮಂದಿ ಮಾತ್ರ ಮೂಗು ಮುರಿದ್ರು. ನಾವು ಹಿಂದಿನ ಜಾಗ ಕಂಡ್ರ ಅಲ್ಲಿ ಮೂಟಿ ಇಡ್ತೀವೇನ್ರಿ? ಬೀಗರನ್ನ ಕುಂದ್ರಿಸ್ತೀವಿ!

ಅದಕ್ಕ 1994ರ ಸುಮೊ ಗೆದ್ದಿತು, 2000ದಾಗ ಬಂದ ಕ್ವಾಲಿಸ್, ಬೊಲೆರೊ ಗೆದ್ದವು. ಮೈಲಾರ ಜಾತ್ರಿಗೆ ಹೊಂಟ ಸುಮೊದಾಗ ಎಷ್ಟು ಮಂದಿ ಇರ್ತಾರ ಅಂತ ಇಳಿಯಾಗ ಎಣಿಸಬೇಕು, ಹತ್ತುವಾಗ ಯಾರಿಗೂ ಗೊತ್ತಿರಂಗಿಲ್ಲ. ಎಳಿಯೋ ಕೆಲಸಕ್ಕೂ ಇವೇ ಗಟ್ಟಿ. ಇವುಕ್ಕ ತಳದಾಗ ಲಾರಿಗಿದ್ದಂಗ ಬ್ಯಾರೆ ಚಾಸಿ ಐತಿ, ಹುಕ್ ಅದಕ್ಕ ಬೋಲ್ಟ್ ಹಾಕಿ ಕೂಡ್ರಿಸಬಹುದು. ಮರೀನಾಕ್ಕ ಬಾಡಿನೇ ಚಾಸಿ. ನೀವು ನೋಡಿದ ಗಾಡಿಗೆ ಹುಕ್ ಮೊದಲೇ ಐತೇನು? ಹಂಗಾರ ಬಗ್ಗಿ ನೋಡ್ರಿ. ಬಂಪರ್‌ಗೆ ವೆಲ್ಡಿಂಗ್ ಹೊಡ್ಸಿದ್ರ, ಹಿಂದಿನ ಟ್ಯಾಂಕರ್ ನಿಂತಲ್ಲೇ ನಿಲ್ತತಿ, ನಿಮ್ಮ ಕೂಡ ಬಂಪರ್ ಬರಂಗಿಲ್ಲ.

ಇನ್ನ ಮಾರಾವ ಏನಂತಾನ? ‘ಡಾಕ್ಟರ್ ಗಾಡಿ ಸಾರ್, ಮನಿ, ದವಾಖಾನಿ, ಇಷ್ಟೇ ಓಡೈತಿ.’ (ನಮ್ಮ ಸುತ್ತಮುತ್ತಲ ತಾಲೂಕಿನ್ಯಾಗ ಮಾರಾಟಕ್ಕ ಬಂದ ಗಾಡಿ ಎಲ್ಲಾ ಡಾಕ್ಟರದ್ದಾದ್ರ, ಆಸ್ಪತ್ರಿಯಾಗ ಅಷ್ಟೊತ್ತು ಪಾಳಿ ಯಾಕ ನಿಲ್ತೀವಿ?) ಮೀಟರ್ ಅರವತ್ತು ಸಾವಿರ ತೋರಿಸ್ತತಿ. ನೀವು ಮೀಟರ್ ಬಿಟ್ಟು ಕ್ಲಚ್ ಪೆಡಲ್ಲಿನ ರಬ್ಬರ್ ನೋಡ್ರಿ. ಗೀರು ಸವೆದು ನುಣ್ಣಗಾಗಿದ್ರ ಅದು ಲಕ್ಷ ದಾಟಿ ಎಷ್ಟೋ ದಿನ ಆಗೈತಿ.

ಸೀಟಿನ ಕೆಳಗಿನ ಪಟ್ಟಿಗೆ ಬೆರಳಾಡಿಸ್ರಿ. ಎಷ್ಟು ತೊಳದ್ರೂ ಅಲ್ಲಿ ಕೆಂಪು ಧೂಳು ಬೆರಳಿಗೆ ಹತ್ತಿದ್ರ ತಿಳ್ಕೊಳ್ರಿ, ಡಾಕ್ಟರ್ ಸಂಡೂರು ಗುಡ್ಡದಾಗ ಪ್ರಾಕ್ಟೀಸ್ ಮಾಡ್ಯಾನ. 2011ರಾಗ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿ ನಿಲ್ಲಿಸಿದಾಗ ಎಷ್ಟು ಬಿಳಿ ಗಾಡಿ ಕೆಲಸ ಇಲ್ಲದ ನಿಂತವು, ನೀವೇ ನೋಡೀರಲ್ಲ.

ಗಾಡಿ ನೋಡಾಕ ಬರ್ತೀನಿ ಅಂತ ಫೋನ್ ಮಾಡಿ ಹೋಗಬ್ಯಾಡ್ರಿ. ಫೋನ್ ಹೋತಂದ್ರ ಅವ ಮೊದಲೇ ಎಂಜಿನ್ ಬಿಸಿ ಮಾಡಿ ಇಟ್ಟಿರ್ತಾನ, ಸೆಲ್ಫ್ ಹೊಡೆದ ಕೂಡಲೇ ಹೂವಿನಂಗ ಎದ್ದು ಕುಂದರ್ತತಿ. ಮುಂಜಾನೆ ಹಠಾತ್ತನ ಹೋಗಿ ಬಾನೆಟ್ ಮ್ಯಾಗ ಕೈ ಇಡ್ರಿ. ತಣ್ಣಗಿದ್ರ ಸ್ಟಾರ್ಟ್ ಮಾಡಿಸ್ರಿ. ಆಮ್ಯಾಗ ಆಯಿಲ್ ಹಾಕೋ ಮುಚ್ಚಳ ತಿರುವಿ, ಬಾಯಿ ಮ್ಯಾಗ ಉಲ್ಟಾ ಇಟ್ಟು ನೋಡ್ರಿ. ಸುಮ್ನ ಅಲುಗಾಡಿದ್ರ ಪರವಾಗಿಲ್ಲ. ಕುಣಿದು ಹಾರಿ ಕೆಳಗ ಬಿದ್ರ ರಿಂಗ್ ಹೋಗ್ಯಾವ, ನೀವೂ ಹೋಗ್ರಿ.

ಕೂಡ ಮೆಕ್ಯಾನಿಕ್ ಕರಕೊಂಡು ಹೋಗೀರೇನು? ಅವನ ಮಾತು ಮೈಲಾರದ ಕಾರಣಿಕ ಇದ್ದಂಗ. ಬಿಲ್ಲು ಏರಿದ ಗೊರವಯ್ಯನಂಗ ಒಂದೇ ಮಾತು: ‘ಎಂಜಿನ್ ಕೆಲಸ ಕೇಳ್ತತಣ್ಣ, ಆದ್ರ ಗಾಡಿ ಚಲೋ ಐತಿ.’ ನೀವು ಆ ‘ಆದ್ರ’ದ ಹಿಂದಿಂದೆಲ್ಲಾ ಬಿಟ್ಟು ಮುಂದಿಂದಷ್ಟೇ ಕಿವಿಯಾಗ ಹಾಕ್ಕೊತೀರಿ. (ಅವ ಮನಸಿನ್ಯಾಗ ಸ್ಪೇರ್ ಪಾರ್ಟ್ಸ್ ಪಟ್ಟಿ ಬರೆಯಾಕತ್ಯಾನ, ನೀವು ಅತ್ತಿ ಮನಿ ಮುಂದ ಗಾಡಿ ನಿಲ್ಸಾಕತ್ತೀರಿ.)

ನಂಬರ್ ನೋಡಿ ಊರು ಹೇಳ್ತೀನಿ ಅಂತ ಜಂಬ ಬ್ಯಾಡ. ಹರಪನಹಳ್ಳಿ 1997ರಾಗ ದಾವಣಗೆರೆಗೆ ಹೋತು, ಮತ್ತ ಬಳ್ಳಾರಿಗೆ ಬಂತು, 2021ರಾಗ ವಿಜಯನಗರ ಆತು. ಒಂದೇ ಓಣ್ಯಾಗ ಕೆಎ-17, ಕೆಎ-34, ಕೆಎ-35 ಮೂರೂ ನಿಂತಿರ್ತಾವ. ಆದ್ರ ನಂಬರ್ ದಿಲ್ಲಿದಿದ್ರ ಮಾತ್ರ ಕಿವಿ ನೆಟ್ಟಗ ಮಾಡ್ರಿ. 10 ವರ್ಷ ದಾಟಿದ ಡೀಸೆಲ್ ಗಾಡಿಗೆ ಅಲ್ಲಿ ಕೋರ್ಟು ಗೇಟು ಹಾಕಿದ ಮ್ಯಾಗ ಅಗ್ಗದ ದರಕ್ಕ ಇತ್ಲಾಗ ಬರಾಕ ಹತ್ತಿದವು. ಎನ್‌ಓಸಿ, ಕರ್ನಾಟಕದ ಟ್ಯಾಕ್ಸ್ ಕೂಡಿಸಿದ್ರ ಅಗ್ಗ ಎಲ್ಲಿ ಉಳೀತು?

15 ವರ್ಷ ತುಂಬಿದ ಗಾಡಿಯಾದ್ರ ಇನ್ನೊಂದು ಲೆಕ್ಕ: ಆರ್‌ಸಿ ರಿನ್ಯೂವಲ್ ಫೀಸು ಮೊದಲು 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನ್ಯಾಗ 5,000 ಆತು. ಇನ್ನ ಫಾರಂ 29, ಫಾರಂ 30 ತುಂಬಿ ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸೋದು? ‘ಮಾಡ್ಸಾಣ ತಗೋ, ಹಬ್ಬ ಮುಗೀಲಿ’ ಅಂತೀರಿ. ಯಾವ ಹಬ್ಬ ಅಂತ ಹೇಳಂಗಿಲ್ಲ!

ಇಷ್ಟೆಲ್ಲಾ ಹೇಳಿದ್ರೂ ನೀವು ತಗೊಳ್ಳಾವ್ರೇ. ತಗೊಳ್ರಿ. ಆದ್ರ ಹುಕ್ ಇರೋ ಸುದ್ದಿ ಕೂಡ್ಲಿಗಿ ಸಂತಿಗೆ ಹೋಗಾಕ ಎಷ್ಟೊತ್ತು? ಹಡಗಲಿಯಾಗ ಮಲ್ಲಿಗಿ ತುಂಬಿದ ಆಟೋ ಕೆಟ್ಟು ನಿಂತ್ರ ನಿಮಗ ಫೋನು. ಹಗರಿಬೊಮ್ಮನಹಳ್ಳಿ ಹತ್ರ ಭಾವನ ಕಾರು ನಿಂತ್ರ, ‘ಅಳಿಯಾ, ಎಲ್ಲದೀಯಪಾ? ಟೋಚನ್ ಮಾಡ್ಕೊಂಡು ಹೋಗು ಬಾ.’ ಯಾರನ್ನೂ ಕೇಳಬಾರದು ಅಂತ ಗಾಡಿ ತಂದ್ರಿ, ಈಗ ಊರೆಲ್ಲಾ ನಿಮ್ಮನ್ನ ಕೇಳಾಕ ಹತ್ತೈತಿ.

ಎಳಿಯಾಗ ಮೀಸಿ ತಿರುವಬ್ಯಾಡ್ರಿ. 1989ರ ರಸ್ತೆ ನಿಯಮದಾಗ ಕೆಟ್ಟ ಗಾಡಿ ಎಳಿಯಾಗ ಗಂಟೆಗೆ 24 ಕಿ.ಮೀ. ದಾಟಂಗಿಲ್ಲ, ಎರಡು ಗಾಡಿ ನಡುವ 5 ಮೀಟರ್ ಮೀರಂಗಿಲ್ಲ, ಹಿಂದಿನ ಗಾಡಿ ಸ್ಟೇರಿಂಗ್ ಲೈಸೆನ್ಸ್ ಇದ್ದಾವನೇ ಹಿಡೀಬೇಕು ಅಂತ ಬರದಿದ್ರು. ಹೆದ್ದಾರಿ 50ರಾಗ ಆ ವೇಗದಾಗ ಹೊಂಟ್ರ ಹಿಂದಿನ ಲಾರಿಯವ್ರು ನಿಮ್ಮ ವಂಶಾವಳಿ ಒದರ್ತಾರ, ಒದರಲಿ.

ಅಂದಂಗ, ಹಗ್ಗ ಎಲ್ಲಿಂದ ತರ್ತೀರಿ? ಅದನ್ನೂ ಸೆಕೆಂಡ್ ಹ್ಯಾಂಡ್ ಕೇಳಬ್ಯಾಡ್ರಪಾ.