ದೇವದೂತೆಯ ಕೆಳಗೆ ಟ್ರಾಫಿಕ್ ಜಾಮ್

ಡಿಸೆಂಬರ್ ಬಂತೆಂದರೆ ಲಂಡನ್ನಿನಲ್ಲಿ ಸೂರ್ಯ ಸರ್ಕಾರಿ ಗುಮಾಸ್ತನ ಹಾಗೆ ನಾಲ್ಕು ಗಂಟೆಗೂ ಮುಂಚೆ ಮನೆಗೆ ಹೊರಟುಬಿಡುತ್ತಾನೆ. ಮೈಸೂರಿನಲ್ಲಿ ನಾವು ಸಂಜೆ ಕಾಫಿಗೆ ಹಾಲಿಡುವ ಹೊತ್ತಿಗೆ ಅಲ್ಲಿ ಕಗ್ಗತ್ತಲು. ಇಂಥ ಊರಿಗೆ ದೀಪ ಬೇಕೇ ಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಆ ದೀಪ ನೋಡಲು ಐದು ಜನರ ಸಂಸಾರ ಚಳಿಗಾಲದ ರಾತ್ರಿ ಸೂರಿಲ್ಲದ ಡಬಲ್ ಡೆಕ್ಕರ್ ಬಸ್ಸಿನ ಮೇಲೆ ಕೂರಬೇಕೆಂದು ಕಂಡುಹಿಡಿದವನಿಗೆ ಪಕ್ಕದಲ್ಲೇ ಉಣ್ಣೆ ಬಟ್ಟೆಯ ಅಂಗಡಿಯೂ ಇದ್ದಿರಬೇಕು.

ಟಿಕೆಟ್ಟು ತೆಗೆದವನು ಮಗ. ಎಷ್ಟಾಯಿತೆಂದು ಕೇಳಿದೆ. "ಅಪ್ಪ, ರೂಪಾಯಿ ಲೆಕ್ಕ ಹಾಕಬೇಡಿ" ಎಂದ. ಪರದೇಶದಲ್ಲಿರುವ ಮಕ್ಕಳು ಹೆತ್ತವರಿಗೆ ಉಪದೇಶಿಸುವ ಮೊದಲ ಮಂತ್ರ ಇದು. ಹಾಕಬೇಡ ಎಂದಮೇಲೆ ಹಾಕದೆ ಇರಲಾದೀತೆ? ಆ ದುಡ್ಡಿಗೆ ನಮ್ಮ ಬೀದಿಯವರನ್ನೆಲ್ಲ ನಂಜನಗೂಡಿಗೆ ಕರೆದೊಯ್ದು, ದರ್ಶನ ಮಾಡಿಸಿ, ಊಟ ಹಾಕಿಸಿ ವಾಪಸ್ಸು ತರಬಹುದಿತ್ತು.

ದೀಪ ತೋರಿಸುವ ಬಸ್ಸು ನಮಗೇನೂ ಹೊಸದಲ್ಲ. ದಸರಾದಲ್ಲಿ ನಮ್ಮ ಪ್ರವಾಸೋದ್ಯಮ ನಿಗಮದ ಡಬಲ್ ಡೆಕ್ಕರ್ ಓಡುತ್ತದೆ, ಹೆಸರು 'ಅಂಬಾರಿ'. ನಿಜವಾದ ಅಂಬಾರಿಯಲ್ಲಿ ಚಾಮುಂಡಿ ಕೂರುತ್ತಾಳೆ. ಇದರಲ್ಲಿ ಟಿಕೆಟ್ಟು ಕೊಂಡ ಯಾರು ಬೇಕಾದರೂ ಕೂತು ಬೀದಿಯವರತ್ತ ಕೈ ಬೀಸಬಹುದು. ಹಾಗಾಗಿ ನನ್ನಾಕೆ ಸ್ವೆಟರಿನ ಮೇಲೆ ಸ್ವೆಟರು, ಅದರ ಮೇಲೆ ಮಗನ ಹಳೆ ಕೋಟು, ತಲೆಗೆ ಮಂಕಿ ಕ್ಯಾಪು ಏರಿಸಿ ಅನುಭವಸ್ಥೆಯಂತೆ ಮುಂದಿನ ಸೀಟು ಹಿಡಿದಳು. ಹಿಡಿದಮೇಲೆ ಗೊತ್ತಾಯಿತು, ಸೀಟು ಒದ್ದೆ.

"ರೀ, ಅರಮನೆ ಯಾವಾಗ ಬರತ್ತೆ?" ಎಂದು ಹೊರಟ ಐದು ನಿಮಿಷಕ್ಕೇ ಕೇಳಿದಳು. ದೀಪಾಲಂಕಾರ ಎಂದರೆ ಅರಮನೆ, ಹತ್ತಿರ ಹತ್ತಿರ ಲಕ್ಷ ಬಲ್ಬು ಒಂದೇ ಸಲಕ್ಕೆ ಹತ್ತಿ 'ಹಾ' ಎನಿಸುವುದು ಎಂಬುದು ಅವಳ ಹುಟ್ಟಿನಿಂದ ಬಂದ ತಿಳಿವಳಿಕೆ. ಸೊಸೆ ಸಂಕೋಚದಿಂದ, "ಅತ್ತೆ, ಇಲ್ಲಿ ಅರಮನೆಗೆ ಹಾಗೆಲ್ಲ ಸರ ಹಾಕಲ್ಲ, ಅಂಗಡಿ ಬೀದಿಗೆ ಹಾಕ್ತಾರೆ" ಎಂದಳು. ರೀಜೆಂಟ್ ಸ್ಟ್ರೀಟಿನ ಬಹುಪಾಲು ಕ್ರೌನ್ ಎಸ್ಟೇಟಿನ ಆಸ್ತಿ ಎಂದು ತಿಳಿದಮೇಲೆ ಅವಳಿಗೆ ಸಮಾಧಾನವಾಯಿತು. ಅರಸರು ಮನೆಗೆ ಹಾಕದ ದೀಪವನ್ನು ಮಳಿಗೆ ಸಾಲಿಗೆ ಹಾಕಿದ್ದಾರೆ. ಬಾಡಿಗೆ ಅಲ್ಲಿಂದ ತಾನೆ ಬರುವುದು.

ರೀಜೆಂಟ್ ಸ್ಟ್ರೀಟಿನಲ್ಲಿ ಬಸ್ಸು ನಿಂತಿತು. ಗಾಬರಿಯಾಗಬೇಡಿ, ಕೆಟ್ಟು ನಿಂತಿದ್ದಲ್ಲ. ದೀಪ ನೋಡಲು ಬಂದವರನ್ನು ದೀಪ ನೋಡಲು ಬಂದವರೇ ಅಡ್ಡಗಟ್ಟಿದ್ದರು. ತಲೆಯ ಮೇಲೆ, ಬೀದಿಯ ಈ ಬದಿಯಿಂದ ಆ ಬದಿಯವರೆಗೆ ರೆಕ್ಕೆ ಹರಡಿದ ತಂತಿ ಮತ್ತು ಬೆಳಕಿನ ದೇವದೂತೆ. ಚೆಂದ, ಸುಳ್ಳು ಹೇಳಬಾರದು. ಮೊದಲ ಎರಡು ನಿಮಿಷ ನಾನೂ ಬಾಯಿ ತೆರೆದು ನೋಡಿದೆ. ಆದರೆ ಒಬ್ಬಳೇ ದೇವದೂತೆಯ ಹೊಟ್ಟೆಯನ್ನು ಕಾಲು ಗಂಟೆ ನೋಡುತ್ತ ಕೂತರೆ ಭಕ್ತಿ ಇಳಿದು ವೈರಿಂಗು ಕಾಣತೊಡಗುತ್ತದೆ. ಸಿಲ್ಕ್ ಬೋರ್ಡಿನಲ್ಲಿ ಇದೇ ಅನುಭವವನ್ನು ನಮಗೆ ಪುಕ್ಕಟೆ ಕೊಡುತ್ತಾರೆ.

ನಿಂತ ಬಸ್ಸಿನಲ್ಲಿ ಮಾತಾಡಲೇಬೇಕಾದ ಪಾಡು ಗೈಡಿನದು. ಅವಳು ಹೇಳಿದ್ದರಲ್ಲಿ ಒಂದು ನನಗೆ ಹಿಡಿಸಿತು: ಈ ಬೀದಿಗೆ ಮೊದಲು ಕ್ರಿಸ್‌ಮಸ್ ದೀಪ ಕಟ್ಟಿದ್ದು 1954ರಲ್ಲಿ, ಲಂಡನ್ ಮಂಕಾಗಿದೆ ಎಂಬ ಗೊಣಗಾಟ ಪತ್ರಿಕೆಯಲ್ಲಿ ಬಂದಮೇಲೆ, ಇಲ್ಲಿನ ವ್ಯಾಪಾರಿಗಳ ಸಂಘದವರು. ಅದೇ ವರ್ಷ ಜುಲೈನಲ್ಲಿ, ಯುದ್ಧಕಾಲದಿಂದ ನಡೆದುಬಂದ ರೇಷನ್ ಪೂರ್ತಿ ಮುಗಿದಿತ್ತು. ಹದಿನಾಲ್ಕು ವರ್ಷ ಅಳೆದು ತಿಂದ ಜನರ ಕೈಯಿಂದ ರೇಷನ್ ಚೀಟಿ ಬಿಟ್ಟಿತು. ಆ ಕೈ ಖಾಲಿ ಇರಬಾರದಲ್ಲ, ಬೀದಿಗೆ ದೀಪ ಬಂತು. ಐದು ವರ್ಷಕ್ಕೆ ಪಕ್ಕದ ಆಕ್ಸ್‌ಫರ್ಡ್ ಸ್ಟ್ರೀಟೂ ಹೊತ್ತಿಕೊಂಡಿತು. ಮುಂದೆ 1967ರಲ್ಲಿ ಆರ್ಥಿಕ ಮುಗ್ಗಟ್ಟು ತಲೆದೋರಿ ಅಲ್ಲಿ ಆರಿದ್ದು ಮತ್ತೆ ಮೆರೆದದ್ದು 1978ರಲ್ಲಿ. ನಡುವಿನ ಹನ್ನೊಂದು ವರ್ಷ ಏಸು ಹುಟ್ಟಿದ್ದು ಲಾಭದ ಬಾಬ್ತು ಅಲ್ಲ ಎಂದು ಯಾರೋ ಲೆಕ್ಕ ಬರೆದಿದ್ದರೆಂದು ಕಾಣುತ್ತದೆ.

ಪಿಕಡಿಲಿಯಲ್ಲಿ ಫೋರ್ಟ್‌ನಮ್ ಅಂಡ್ ಮೇಸನ್ ಅಂಗಡಿಯ ಇಡೀ ಮುಖವೇ ಹಬ್ಬದ ಕ್ಯಾಲೆಂಡರ್. ಕಿಟಕಿ ಕಿಟಕಿಗೂ ಒಂದೊಂದು ಅಂಕಿ. ನನ್ನಾಕೆ, "ಸೈಟ್ ನಂಬರ್ ಬರೆದ ಹಾಗಿದೆ" ಎಂದಳು. ಮೊಮ್ಮಗಳು ಇದ್ಯಾವುದನ್ನೂ ನೋಡಲಿಲ್ಲ. ಅವಳು ಅಮ್ಮನ ಫೋನಿನಲ್ಲಿ ದೀಪದ ವಿಡಿಯೋ ಮಾಡುತ್ತಿದ್ದಳು, ಮನೆಗೆ ಹೋಗಿ ನೋಡಲು.

ಟ್ರಫಾಲ್ಗರ್ ಚೌಕದಲ್ಲಿ ಒಂದು ಮರವಿತ್ತು. ಯುದ್ಧದಲ್ಲಿ ಬ್ರಿಟನ್ ಮಾಡಿದ ಸಹಾಯಕ್ಕೆ ಕೃತಜ್ಞತೆಯೆಂದು ಆಸ್ಲೋ ನಗರದವರು 1947ರಿಂದ ಪ್ರತಿವರ್ಷ ಕಳಿಸುವ ಸ್ಪ್ರೂಸ್ ಮರ. ತೌರಿನವರು ವರ್ಷ ತಪ್ಪದೆ ಕಳಿಸುವ ಗೌರಿಯ ಬಾಗಿನ ಅನ್ನಿ. ಲಂಡನ್ನಿನವರು ದಾನಕ್ಕೆ ಬಂದ ಹಸುವಿನ ಹಲ್ಲೆಣಿಸುವುದರಲ್ಲಿ ನಮಗೇನೂ ಕಡಿಮೆಯಿಲ್ಲ; 2021ರಲ್ಲಿ ಮರ ಬೋಳಾಗಿದೆಯೆಂದು ಆಡಿಕೊಂಡು ನಕ್ಕರು. ಅಂಗಡಿ ಬೀದಿಯ ದೀಪ ನವೆಂಬರಿನಲ್ಲೇ ಹೊತ್ತಿಕೊಂಡರೆ ಈ ಮರ ಡಿಸೆಂಬರಿನ ಮೊದಲ ಗುರುವಾರದವರೆಗೆ ಕಾಯುತ್ತದೆ. ನಾರ್ವೆಯವರ ಪದ್ಧತಿಯಂತೆ ಮೇಲಿನಿಂದ ಕೆಳಕ್ಕೆ ನೆಟ್ಟಗೆ ಇಳಿಬಿಟ್ಟ ಬಿಳಿ ದೀಪ, ಅಷ್ಟೇ. ಇಡೀ ದಾರಿಯಲ್ಲಿ ನನಗೆ ಏನನ್ನೂ ಮಾರಲು ಬಾರದ ದೀಪ ಅದೊಂದೇ. ದುರದೃಷ್ಟಕ್ಕೆ ಅಲ್ಲಿ ಟ್ರಾಫಿಕ್ ಇರಲಿಲ್ಲ. ಬಸ್ಸು ಸರ್ರನೆ ದಾಟಿತು; ಗೈಡು ಆಗ ಇಳಿಯುವವರಿಗೆ ರಿಯಾಯಿತಿ ಕೂಪನ್ನಿನ ವಿಷಯ ಹೇಳುತ್ತಿದ್ದಳು.

ಹೇಳಲು ಮರೆತೆ. ದೇವದೂತೆಯ ಕೆಳಗೆ ಸಿಕ್ಕಿಕೊಂಡಿದ್ದಾಗ ನಮ್ಮ ಪಕ್ಕದಲ್ಲೇ ಇನ್ನೊಂದು ಕೆಂಪು ಡಬಲ್ ಡೆಕ್ಕರ್ ಸಿಕ್ಕಿಕೊಂಡಿತ್ತು. 139ನೇ ನಂಬರಿನ ಸಿಟಿ ಬಸ್ಸು. ಅದಕ್ಕೆ ಸೂರಿತ್ತು, ಗಾಜಿತ್ತು, ಒಳಗೆ ಬಿಸಿಗಾಳಿಯಿತ್ತು. ಮೇಲಿನ ಮುಂದಿನ ಸೀಟಿನಲ್ಲಿ ಕೆಲಸ ಮುಗಿಸಿ ಹೊರಟ ಹೆಂಗಸೊಬ್ಬಳು ಗಾಜಿಗೆ ತಲೆಯೊರಗಿಸಿ, ಅದೇ ರೆಕ್ಕೆಗಳ ಕೆಳಗೆ, ಗಾಢವಾಗಿ ನಿದ್ದೆ ಮಾಡುತ್ತಿದ್ದಳು. "ಅದಕ್ಕೆ ಎಷ್ಟೋ ಟಿಕೆಟ್ಟು?" ಎಂದು ನನ್ನಾಕೆ ಕೇಳಿದಳು. "ಒಂದು ಪೌಂಡು ಎಪ್ಪತ್ತೈದು ಪೆನ್ನಿ" ಎಂದ ಮಗ, ಆಕಾಶ ನೋಡುತ್ತ. ಮಕ್ಕಳಿಗೆ ಉಚಿತ ಎಂಬುದನ್ನು ಸೊಸೆ ಸೇರಿಸಿದಳು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ, ಚಳಿಗೆ ಎಂದಿಟ್ಟುಕೊಳ್ಳೋಣ.

ನನ್ನಾಕೆ ಬಿಡುವವಳಲ್ಲ. ಹಬ್ಬದ ದಿನವೇ ಆ ಬಸ್ಸಿನಲ್ಲಿ ಕೂತು ಬೆಚ್ಚಗೆ ಇನ್ನೊಂದು ಸಲ ನೋಡಿಬರುವುದೆಂದು ಗೊತ್ತುಮಾಡಿದಳು. 25ರ ಬೆಳಗ್ಗೆ ಮಂಕಿ ಕ್ಯಾಪ್ ಹಾಕಿಕೊಂಡು ಬಾಗಿಲಿಗೆ ಬಂದಾಗ ಮಗ ತಡೆದ. ಅವತ್ತು ಲಂಡನ್ನಿನಲ್ಲಿ ಸಿಟಿ ಬಸ್ಸಿಲ್ಲ, ಮೆಟ್ರೋ ಇಲ್ಲ, ರೈಲೂ ಇಲ್ಲ. ಎರಡು ತಿಂಗಳಿಂದ ಊರೆಲ್ಲ ಡಂಗುರ ಸಾರಿದ ಹಬ್ಬ ಬಂದ ದಿನ ಊರಿಗೆ ಬೀಗ. ಮನೆಯಲ್ಲೇ ಚಿತ್ರಾನ್ನ ಕಲಸಿಕೊಂಡು ಮೊಮ್ಮಗಳ ವಿಡಿಯೋ ನೋಡಿದೆವು. ಅದರಲ್ಲಿ ಬಹುಪಾಲು ನನ್ನ ತಲೆಯ ಹಿಂಭಾಗ.

ಮರುದಿನ ಮಗ, "ಅಮ್ಮ, ಇವತ್ತು ಬಸ್ಸಿದೆ" ಎಂದು ಶುರುಮಾಡಿ, ಫೋನ್ ನೋಡಿ, "ಸೇಲೂ ಇದೆ" ಎಂದ. ಅಷ್ಟರಲ್ಲಿ ನನ್ನಾಕೆ ಚಪ್ಪಲಿ ಬಿಟ್ಟು ಶೂ ಹಾಕಿಕೊಂಡಾಗಿತ್ತು.